‘ಡಿಫರೆಂಟ್’ ಪದಕ್ಕೆ ವಿರುದ್ಧ ಪದ ಯಾವುದು?

ಪ್ರಶ್ನೆ: ನಾನು ಕಚೇರಿಯೊಂದರಲ್ಲಿ ಸಹಾಯಕಿ. ಬಡ್ತಿ ಪರೀಕ್ಷೆಗೆ ಓದುತ್ತಿದ್ದೇನೆ. ಅದರಲ್ಲಿ ಇಂಗ್ಲಿಷ್ ವಿರುದ್ಧಾರ್ಥಕ ಪದಗಳ ಪ್ರಶ್ನೆಗಳು ಇರುತ್ತವೆ. ‘ಡಿಫರೆಂಟ್’ ಪದಕ್ಕೆ ಒಂದು ಪುಸ್ತಕ ‘ಸೇಮ್’ ಎನ್ನುತ್ತದೆ, ಇನ್ನೊಂದು ‘ಸಿಮಿಲರ್’ ಎನ್ನುತ್ತದೆ. ಮೊಬೈಲಿನ ನಿಘಂಟು ‘ಐಡೆಂಟಿಕಲ್’, ‘ಅಲೈಕ್’ ಎರಡನ್ನೂ ಸೇರಿಸಿ ತೋರಿಸುತ್ತದೆ. ಪದದ ಮುಂದೆ ‘ಇನ್’ ಅಥವಾ ‘ಅನ್’ ಹಚ್ಚಿದರೆ ವಿರುದ್ಧಾರ್ಥ ಬರುತ್ತದೆ ಎಂದು ಶಾಲೆಯಲ್ಲಿ ಕಲಿತಿದ್ದೆ. ಆ ಧೈರ್ಯದ ಮೇಲೆ, ಎರಡು ವರದಿಗಳ ನಡುವೆ ವ್ಯತ್ಯಾಸವಿಲ್ಲ ಎಂದು ಹೇಳಲು ಕಚೇರಿಯ ಟಿಪ್ಪಣಿಯಲ್ಲಿ ಆ ವರದಿಗಳು ‘ಇಂಡಿಫರೆಂಟ್’ ಆಗಿವೆ ಎಂದು ಬರೆದೆ. ವರದಿ ಬರೆದ ಮೇಲಧಿಕಾರಿ ಅದನ್ನು ಓದಿ ಮುಖ ಗಂಟಿಕ್ಕಿಕೊಂಡರು. ಏಕೆಂದು ಕೇಳುವ ಧೈರ್ಯವಾಗಲಿಲ್ಲ. ಇದರ ಜೊತೆಗೆ ‘ಸ್ಯಾಂಕ್ಷನ್’ ಎಂದರೆ ಒಂದು ಕಡೆ ಮಂಜೂರಾತಿ, ಇನ್ನೊಂದು ಕಡೆ ನಿರ್ಬಂಧ. ಇಂಗ್ಲಿಷಿಗೆ ನಿಯಮವೇ ಇಲ್ಲವೇ? ಐನೂರು ಜೋಡಿಗಳ ಪಟ್ಟಿಯೊಂದು ನನ್ನ ಬಳಿ ಇದೆ. ಅದನ್ನು ಬಾಯಿಪಾಠ ಮಾಡುವುದೊಂದೇ ದಾರಿಯೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ತೊಡಕುಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು ಪದಕ್ಕೆ ಸರಿಯಾದ ವಿರುದ್ಧ ಪದ ಒಂದೇ ಇರಬೇಕಲ್ಲವೇ ಎಂಬುದು ಮೊದಲನೆಯದು. ‘ಇನ್’, ‘ಅನ್’ ಹಚ್ಚಿದರೆ ಕೆಲಸ ಮುಗಿಯಿತು ಎಂಬ ಶಾಲೆಯ ಪಾಠ ಎರಡನೆಯದು. ಒಂದೇ ಪದ ತನಗೆ ತಾನೇ ಎದುರು ನಿಲ್ಲುವುದು ಹೇಗೆ ಎಂಬುದು ಮೂರನೆಯದು. ಬಿಡಿಸುತ್ತಾ ಹೋದರೆ ಮೂರಕ್ಕೂ ಉತ್ತರವಿದೆ. ನಿಯಮಗಳೂ ಇವೆ, ಆದರೆ ಶಾಲೆಯಲ್ಲಿ ಹೇಳಿಕೊಟ್ಟಷ್ಟು ಚಿಕ್ಕವಲ್ಲ.

ಟಿಪ್ಪಣಿಯಿಂದಲೇ ಶುರು ಮಾಡೋಣ, ಏಕೆಂದರೆ ಮೇಲಧಿಕಾರಿಯ ಮುಖ ಏಕೆ ಹಾಗಾಯಿತು ಎಂದು ನಿಮಗೆ ತಿಳಿಯಬೇಕು. ‘ಇಂಡಿಫರೆಂಟ್’ ಪದಕ್ಕೆ ಇಂದು ಎರಡು ಅರ್ಥಗಳು ಬಳಕೆಯಲ್ಲಿವೆ. ಮನುಷ್ಯರ ಬಗ್ಗೆ ಹೇಳಿದಾಗ ಉದಾಸೀನ, ಯಾವುದಾದರೇನು ಎಂಬ ಮನೋಭಾವದವರು ಎಂದು. ವಸ್ತು ಅಥವಾ ಕೆಲಸದ ಬಗ್ಗೆ ಹೇಳಿದಾಗ ಅಷ್ಟಕ್ಕಷ್ಟೇ, ಸಾಧಾರಣಕ್ಕಿಂತ ಮೇಲಲ್ಲದ್ದು ಎಂದು. ಅಂದರೆ ಎರಡು ವರದಿಗಳೂ ಒಂದೇ ಎಂದು ನೀವು ಬರೆಯಲು ಹೊರಟಿರಿ. ಎರಡು ವರದಿಗಳೂ ಸಪ್ಪೆಯಾಗಿವೆ ಎಂದು ಅವರು ಓದಿಕೊಂಡರು. ಪಾಪ, ಅವರ ತಪ್ಪೂ ಅಲ್ಲ.

ವಿಚಿತ್ರವೆಂದರೆ ಪದದ ಹುಟ್ಟನ್ನು ನೋಡಿದರೆ ನಿಮ್ಮ ಊಹೆಯೇ ಸರಿ. ಲ್ಯಾಟಿನ್ನಿನಲ್ಲಿ ಅದಕ್ಕೆ ಭೇದವಿಲ್ಲದ್ದು ಎಂಬ ಅರ್ಥವೇ ಇತ್ತು. ಭೇದ ಎಣಿಸದವನು ಪಕ್ಷಪಾತವಿಲ್ಲದವನು ಎಂದಾಯಿತು. ಹಿಂದಿನ ಕಾಲದ ಇಂಗ್ಲಿಷಿನಲ್ಲಿ ‘ಇಂಡಿಫರೆಂಟ್’ ನ್ಯಾಯಾಧೀಶ ಎಂದರೆ ಅದು ಹೊಗಳಿಕೆ. ಯಾವ ಕಡೆಗೂ ವಾಲದವನಿಗೆ ಯಾವ ಕಡೆಯ ಬಗ್ಗೆಯೂ ಆಸ್ಥೆಯಿಲ್ಲ ಎಂಬ ಅರ್ಥ ಆಮೇಲೆ ಅಂಟಿಕೊಂಡಿತು. ವಸ್ತುಗಳ ವಿಷಯದಲ್ಲಿ ಒಳ್ಳೆಯದೂ ಅಲ್ಲ ಕೆಟ್ಟದ್ದೂ ಅಲ್ಲ ಎಂಬಲ್ಲಿಂದ ಶುರುವಾಗಿ ನಯವಾದ ಬೈಗುಳದವರೆಗೆ ಬಂದು ನಿಂತಿತು. ‘ಡಿಫರೆಂಟ್’ ಒಂದು ದಾರಿ ಹಿಡಿದು ಹೋಯಿತು, ‘ಇಂಡಿಫರೆಂಟ್’ ಇನ್ನೊಂದು ದಾರಿ ಹಿಡಿಯಿತು. ಇವತ್ತು ಅವೆರಡರ ನಡುವೆ ವಿರೋಧವೂ ಇಲ್ಲ, ಹೆಚ್ಚಿನ ನಂಟೂ ಇಲ್ಲ.

ಹಾಗಾದರೆ ಶಾಲೆಯ ಪಾಠ ಸುಳ್ಳೇ? ಅರ್ಧ ನಿಜ, ಅಷ್ಟೇ. ಇಂಗ್ಲಿಷಿನ ‘ಅನ್-’, ಲ್ಯಾಟಿನ್ನಿನಿಂದ ಬಂದ ‘ಇನ್-’, ಗ್ರೀಕಿನಿಂದ ಬಂದ ‘ಅ-’ ಅಥವಾ ‘ಆನ್-’ ಮೂರೂ ಒಂದೇ ಬೇರಿನವು. ಸಂಸ್ಕೃತದ ಅ-, ಅನ್- ಕೂಡ ಅದೇ ಬೇರಿನದು. ನ್ಯಾಯಕ್ಕೆ ಅನ್ಯಾಯ, ಉಚಿತಕ್ಕೆ ಅನುಚಿತ ಎಂದು ಬರೆಯುವ ನಿಮಗೆ ಈ ಉಪಸರ್ಗದ ಕೆಲಸ ಹೊಸದೇನಲ್ಲ. ‘ಇನ್-’ ಕೆಲವೆಡೆ ‘ಇಮ್’, ‘ಇಲ್’, ‘ಇರ್’ ಆಗುವುದೂ ಸಂಧಿಯ ಲೆಕ್ಕವೇ. ಮುಂದೆ ಪ, ಬ, ಮ ಬಂದರೆ ‘ಇಮ್ಪಾಸಿಬಲ್’, ಲ ಬಂದರೆ ‘ಇಲ್ಲೀಗಲ್’, ರ ಬಂದರೆ ‘ಇರ್ರೆಗ್ಯುಲರ್’. ಸಂಧಿ ಓದಿದವರಿಗೆ ಇದು ಒಮ್ಮೆ ಕಂಡರೆ ಸಾಕು.

ಎಡವಟ್ಟು ಆಗುವುದು ಬೇರೆ ಕಡೆ. ಲ್ಯಾಟಿನ್ನಿನಲ್ಲಿ ‘ಇನ್-’ ಎಂಬ ಇನ್ನೊಂದು ಉಪಸರ್ಗವೂ ಇದೆ. ಅದಕ್ಕೆ ಒಳಗೆ, ಒಳಕ್ಕೆ ಎಂದು ಅರ್ಥ. ‘ಇನ್‌ಫ್ಲೇಮಬಲ್’ ಪದದಲ್ಲಿರುವುದು ಆ ಎರಡನೆಯ ‘ಇನ್-’. ಆದ್ದರಿಂದ ಅದರ ಅರ್ಥ ಬೆಂಕಿ ಹತ್ತಿಕೊಳ್ಳುವಂಥದ್ದು ಎಂದೇ. ಬೆಂಕಿ ಹತ್ತದ್ದು ಎಂದು ಜನ ತಪ್ಪು ತಿಳಿದು ಅನಾಹುತವಾಗಬಾರದೆಂದು ಅಮೆರಿಕದ ಅಗ್ನಿ ಸುರಕ್ಷತಾ ಸಂಘದವರು 1920ರ ದಶಕದಲ್ಲಿ ‘ಫ್ಲೇಮಬಲ್’ ಎಂದೇ ಬರೆಯಿರಿ ಎಂದು ಒತ್ತಾಯ ಮಾಡಿದರು. ‘ಫ್ಲೇಮಬಲ್’, ‘ಇನ್‌ಫ್ಲೇಮಬಲ್’ ಎರಡಕ್ಕೂ ಅರ್ಥ ಒಂದೇ. ಎರಡಕ್ಕೂ ವಿರುದ್ಧ ಪದ ‘ನಾನ್‌ಫ್ಲೇಮಬಲ್’. ‘ಇನ್‌ವ್ಯಾಲ್ಯುಯಬಲ್’ ಎಂದರೂ ಬೆಲೆಯಿಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು. ‘ಇನ್‌ಫೇಮಸ್’ ಎಂದರೆ ಹೆಸರಿಲ್ಲದವನಲ್ಲ, ಕೆಟ್ಟ ಹೆಸರಿನವನು.

ಇನ್ನೊಂದು ಕಾಟವಿದೆ. ಗುಣವಾಚಕಕ್ಕೆ ಒಂದು ಉಪಸರ್ಗ, ಅದರ ನಾಮಪದಕ್ಕೆ ಮತ್ತೊಂದು. ‘ಈಕ್ವಲ್’ಗೆ ‘ಅನ್‌ಈಕ್ವಲ್’, ಆದರೆ ‘ಈಕ್ವಾಲಿಟಿ’ಗೆ ‘ಇನ್‌ಈಕ್ವಾಲಿಟಿ’. ‘ಸ್ಟೇಬಲ್’ಗೆ ‘ಅನ್‌ಸ್ಟೇಬಲ್’, ಆದರೆ ‘ಸ್ಟೆಬಿಲಿಟಿ’ಗೆ ‘ಇನ್‌ಸ್ಟೆಬಿಲಿಟಿ’. ‘ಏಬಲ್’, ‘ಎಬಿಲಿಟಿ’ಗಳೂ ಹಾಗೆಯೇ. ಇದು ಯಾರೋ ಹಟಕ್ಕೆ ಮಾಡಿದ್ದಲ್ಲ. ‘-ಇಟಿ’ ಎಂದು ಕೊನೆಗೊಳ್ಳುವ ಇಂಥ ನಾಮಪದಗಳು ‘ಇನ್-’ ಸಮೇತ ಫ್ರೆಂಚ್, ಲ್ಯಾಟಿನ್ ಕಡೆಯಿಂದ ಇಡಿಯಾಗಿ ಬಂದವು. ಗುಣವಾಚಕಗಳಿಗೆ ಮಾತ್ರ ಇಂಗ್ಲಿಷರು ತಮ್ಮ ಮನೆಯ ‘ಅನ್-’ ಹಚ್ಚಿಕೊಂಡರು. ಪರೀಕ್ಷೆಯಲ್ಲಿ ‘-ಇಟಿ’ ಕಂಡರೆ ‘ಇನ್-’ ಕಡೆಗೆ ಕೈ ಹೋಗಲಿ. ಬಹಳ ಸಲ ಗೆಲ್ಲುತ್ತೀರಿ.

‘ಲೈಕ್’ ಪದವನ್ನು ನೋಡಿ. ಇಷ್ಟಪಡು ಎಂಬ ಕ್ರಿಯಾಪದವಾದರೆ ಅದಕ್ಕೆ ವಿರುದ್ಧ ‘ಡಿಸ್‌ಲೈಕ್’. ಹಾಗೆ, ಅಂತೆ ಎಂಬ ಅರ್ಥವಾದರೆ ‘ಅನ್‌ಲೈಕ್’. ಇನ್ನು ‘ಅನ್‌ಲಾಕಬಲ್’ ಎಂಬ ಪದ ಎರಡು ರೀತಿಯಲ್ಲಿ ಒಡೆಯುತ್ತದೆ: ಬೀಗ ಹಾಕಲಾಗದ್ದು ಎಂದೂ ಆಗಬಹುದು, ಬೀಗ ತೆಗೆಯಬಹುದಾದದ್ದು ಎಂದೂ ಆಗಬಹುದು. ಇಲ್ಲಿ ಇರುವುದು ಎರಡು ಬೇರೆ ಬೇರೆ ‘ಅನ್-’. ಒಂದು ಗುಣವನ್ನು ಅಲ್ಲಗಳೆಯುವುದು, ಇನ್ನೊಂದು ಮಾಡಿದ ಕೆಲಸವನ್ನು ಬಿಚ್ಚುವುದು. ಕಿವಿಗೆ ಒಂದೇ ಕೇಳಿಸಿದರೂ ಹುಟ್ಟು ಬೇರೆ. ಮತ್ತು ‘ಸೇಮ್’ ಪದಕ್ಕೆ ಯಾವ ಉಪಸರ್ಗವನ್ನು ಹಚ್ಚಿದರೂ ಬಳಕೆಯ ಪದ ಹುಟ್ಟುವುದಿಲ್ಲ. ಅದರ ಎದುರಿಗೆ ಬೇರೆಯದೇ ಪದ ಬೇಕು.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ವಿರುದ್ಧ ಪದ ಎಂದರೆ ಏನು?

ತೀರ ಬೇರೆಯಾದ ಪದ ಎಂದು ಬಹಳ ಮಂದಿ ಭಾವಿಸುತ್ತಾರೆ. ಅದು ತಲೆಕೆಳಗು. ‘ಬ್ಯಾಚುಲರ್’ ಎಂಬ ಪದಕ್ಕೂ ‘ಚೇರ್’ ಎಂಬ ಪದಕ್ಕೂ ಅಜಗಜಾಂತರ. ಆದರೆ ಬ್ರಹ್ಮಚಾರಿಗೆ ಕುರ್ಚಿ ವಿರುದ್ಧ ಎಂದು ಯಾರೂ ಹೇಳುವುದಿಲ್ಲ. ‘ಬ್ಯಾಚುಲರ್’ ಎಂದರೆ ಮನುಷ್ಯ, ವಯಸ್ಕ, ಗಂಡು, ಮದುವೆಯಾಗದವನು. ಇದರಲ್ಲಿ ಒಂದೇ ಒಂದು ಅಂಶವನ್ನು ತಿರುಗಿಸಿ ಉಳಿದದ್ದನ್ನು ಹಾಗೆಯೇ ಇಟ್ಟರೆ ವಿರುದ್ಧ ಪದ ಸಿಗುತ್ತದೆ. ಮದುವೆಯನ್ನು ತಿರುಗಿಸಿದರೆ ಮದುವೆಯಾದ ಗಂಡಸು. ಲಿಂಗವನ್ನು ತಿರುಗಿಸಿದರೆ ಮದುವೆಯಾಗದ ಹೆಂಗಸು. ಹಳೆಯ ಪುಸ್ತಕಗಳು ಇದಕ್ಕೆ ‘ಸ್ಪಿನ್‌ಸ್ಟರ್’ ಎಂದು ಕೊಡುತ್ತವೆ. ಪರೀಕ್ಷೆಗೆ ಆದೀತು, ಯಾರನ್ನೂ ಹಾಗೆ ಕರೆಯಬೇಡಿ, ಈಗ ಅದರಲ್ಲಿ ತಾತ್ಸಾರದ ಧ್ವನಿ ಇದೆ. ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಮದುವೆಯಾದ ಹೆಂಗಸು ಸಿಗುತ್ತಾಳೆ, ಮತ್ತು ಆಗ ಜೋಡಿಯ ಬಿಗಿ ಸಡಿಲವಾಗುತ್ತದೆ.

ವಿರುದ್ಧ ಪದಗಳು ಮಿಕ್ಕೆಲ್ಲದರಲ್ಲಿ ಒಂದೇ ಆಗಿದ್ದು ಒಂದು ವಿಷಯದಲ್ಲಿ ಮಾತ್ರ ಎದುರುಬದುರಾಗುವ ಪದಗಳು. ಹಾಗಾಗಿಯೇ ಅವು ಒಂದೇ ಬಗೆಯ ವಾಕ್ಯಗಳಲ್ಲಿ ಬರುತ್ತವೆ. ವಾಕ್ಯಗಳ ರಾಶಿಯಿಂದ ಕಂಪ್ಯೂಟರಿಗೆ ಪದಗಳ ಅರ್ಥ ಕಲಿಸುವವರಿಗೆ ಇದು ದೊಡ್ಡ ತಲೆನೋವು: ಬರಿಯ ಸಂದರ್ಭವನ್ನು ನೋಡಿ ಕಲಿತ ಯಂತ್ರಕ್ಕೆ ‘ಹಾಟ್’ ಮತ್ತು ‘ಕೋಲ್ಡ್’ ಬಹಳ ಹತ್ತಿರದ ಪದಗಳಾಗಿ ಕಾಣುತ್ತವೆ.

ಒಂದು ಪದಕ್ಕೆ ಹಲವು ವಿರುದ್ಧ ಪದಗಳು ಇರುವುದೂ ಇದರಿಂದಲೇ. ಪದ ಒಂದೇ ಆದರೂ ಅದು ಕೂರುವ ಅಳತೆಗೋಲುಗಳು ಹಲವು. ‘ಓಲ್ಡ್’ ಮನುಷ್ಯನ ಎದುರು ‘ಯಂಗ್’, ‘ಓಲ್ಡ್’ ಪುಸ್ತಕದ ಎದುರು ‘ನ್ಯೂ’. ‘ಲೈಟ್’ ಪೆಟ್ಟಿಗೆಯ ಎದುರು ‘ಹೆವಿ’, ‘ಲೈಟ್’ ಬಣ್ಣದ ಎದುರು ‘ಡಾರ್ಕ್’. ‘ಹಾರ್ಡ್’ ಕಲ್ಲಿಗೆ ‘ಸಾಫ್ಟ್’, ‘ಹಾರ್ಡ್’ ಪ್ರಶ್ನೆಗೆ ‘ಈಸಿ’. ‘ಶಾರ್ಟ್’ ಮನುಷ್ಯನಿಗೆ ‘ಟಾಲ್’, ‘ಶಾರ್ಟ್’ ದಾರಕ್ಕೆ ‘ಲಾಂಗ್’. ಪದದ ಪಕ್ಕದಲ್ಲಿ ನಾಮಪದವನ್ನು ಇಡದೆ ವಿರುದ್ಧ ಪದ ಕೇಳುವ ಪ್ರಶ್ನೆ ಅರೆಬರೆ ಪ್ರಶ್ನೆ. ಪ್ರಶ್ನೆಪತ್ರಿಕೆ ಮಾಡುವವರಿಗೆ ಇದನ್ನು ಎಷ್ಟು ಹೇಳಿದರೂ ಅಷ್ಟೇ.

ನಿಮ್ಮ ಮೊಬೈಲ್ ನಿಘಂಟು ಎರಡೆರಡು ಪದ ತೋರಿಸಿದ್ದಕ್ಕೆ ಇನ್ನೊಂದು ಕಾರಣವಿದೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1985ರಲ್ಲಿ ‘ವರ್ಡ್‌ನೆಟ್’ ಎಂಬ ಪದಜಾಲವನ್ನು ಕಟ್ಟಲು ಆರಂಭಿಸಿದರು. ಅದರಲ್ಲಿ ಗುಣವಾಚಕಗಳನ್ನು ಜೋಡಿಸಿದ್ದೇ ವಿರುದ್ಧ ಪದಗಳ ಆಧಾರದ ಮೇಲೆ. ‘ವೆಟ್’ ಮತ್ತು ‘ಡ್ರೈ’ ನೇರ ಜೋಡಿ. ‘ಡ್ಯಾಂಪ್’, ‘ಮಾಯ್ಸ್ಟ್’ ಎಂಬಂಥವು ‘ವೆಟ್’ನ ಸುತ್ತ ಸುತ್ತುವ ಪದಗಳು, ‘ಡ್ರೈ’ ಜೊತೆಗಿನ ಅವುಗಳ ವಿರೋಧ ‘ವೆಟ್’ ಮೂಲಕ ಬಂದದ್ದು, ನೇರವಲ್ಲ. ‘ಬಿಗ್’ಗೆ ‘ಲಿಟಲ್’, ‘ಲಾರ್ಜ್’ಗೆ ‘ಸ್ಮಾಲ್’ ಎಂದರೆ ಇಂಗ್ಲಿಷರ ಕಿವಿಗೆ ಹಿತ. ‘ಲಾರ್ಜ್’ಗೆ ‘ಲಿಟಲ್’ ಎಂದರೆ ಅರ್ಥದಲ್ಲಿ ತಪ್ಪಿಲ್ಲ, ಆದರೂ ಜೋಡಿ ಕೂಡಿಬರುವುದಿಲ್ಲ. ಹಲವು ಮೊಬೈಲ್ ನಿಘಂಟುಗಳು ನೇರ ಜೋಡಿಯನ್ನೂ ಸುತ್ತಿನ ಪದಗಳನ್ನೂ ಒಂದೇ ಚೀಲಕ್ಕೆ ಸುರಿದು ನಿಮ್ಮ ಮುಂದಿಡುತ್ತವೆ.

‘ಡಿಫರೆಂಟ್’ ಬಗ್ಗೆ ಸ್ವಲ್ಪ ನಿಧಾನಿಸಬೇಕು, ಇದು ಮೇಲೆ ಹೇಳಿದ ಜೋಡಿಗಳಿಗಿಂತ ಸೂಕ್ಷ್ಮ.

ಇದರ ನೇರ ಜೋಡಿ ‘ಸೇಮ್’, ಅನುಮಾನವೇ ಬೇಡ. ನಮ್ಮ ಸಮ ಎಂಬ ಪದಕ್ಕೂ ಈ ‘ಸೇಮ್’ಗೂ ದೂರದ ದಾಯಾದಿ ಸಂಬಂಧ, ಗ್ರೀಕಿನ ‘ಹೋಮೋ-’, ಲ್ಯಾಟಿನ್ನಿನಿಂದ ಬಂದ ‘ಸಿಮಿಲರ್’ ಕೂಡ ಅದೇ ಕುಲದವು. ಆದರೆ ಕುಲ ಒಂದೇ ಎಂದು ಅರ್ಥ ಒಂದೇ ಅಲ್ಲ. ಎರಡು ಸಹಿಗಳನ್ನು ಮುಂದಿಟ್ಟುಕೊಂಡು ಒಬ್ಬರು ಅವು ‘ಸಿಮಿಲರ್’ ಎಂದರೆ ಕೇಳುವವರು ಒಡನೆಯೇ ಹುಬ್ಬೇರಿಸುತ್ತಾರೆ. ಏಕೆಂದರೆ ‘ಸಿಮಿಲರ್’ ಎಂಬಲ್ಲಿ ಒಂದೇ ಅಲ್ಲ, ಎಲ್ಲೋ ಸ್ವಲ್ಪ ವ್ಯತ್ಯಾಸವಿದೆ ಎಂಬ ಸೂಚನೆ ಅಡಗಿದೆ. ‘ಸಿಮಿಲರ್’ ನಿಂತಿರುವುದು ನಡುದಾರಿಯಲ್ಲಿ. ಅದಕ್ಕೆ ಅದರದೇ ಜೋಡಿ ‘ಡಿಸ್ಸಿಮಿಲರ್’ ಇದೆ. ‘ಐಡೆಂಟಿಕಲ್’ ಆ ತುದಿಯಲ್ಲಿದೆ, ಒಂದು ಕೂದಲೆಳೆಯ ವ್ಯತ್ಯಾಸವೂ ಇಲ್ಲ ಎಂಬ ಅರ್ಥದಲ್ಲಿ. ‘ಅಲೈಕ್’ ಅರ್ಥದಲ್ಲಿ ‘ಸಿಮಿಲರ್’ಗೆ ಹತ್ತಿರ, ಆದರೆ ನಾಮಪದದ ಮುಂದೆ ಕೂರುವುದಿಲ್ಲ, ಅವರಿಬ್ಬರು ‘ಅಲೈಕ್’ ಎನ್ನಬಹುದು, ‘ಅಲೈಕ್’ ಮನುಷ್ಯರು ಎನ್ನಲಾಗದು.

ಈ ಎರಡು ಬದಿಗಳು ಸಮತೂಕದವೂ ಅಲ್ಲ. ಒಂದೇ ಆಗಿರುವುದಕ್ಕೆ ಇರುವುದು ಒಂದು ರೀತಿ. ಬೇರೆಯಾಗಿರುವುದಕ್ಕೆ ಸಾವಿರ ರೀತಿ. ಇಂಗ್ಲಿಷಿನ ಕ್ರಿಯಾವಿಶೇಷಣಗಳು ಇದನ್ನು ಚೆನ್ನಾಗಿ ಬಲ್ಲವು. ‘ವೆರಿ’, ‘ಸ್ಲೈಟ್ಲಿ’ ಎಂಬ ಪದಗಳು ‘ಡಿಫರೆಂಟ್’ ಜೊತೆ ಸಲೀಸಾಗಿ ಹೋಗುತ್ತವೆ, ಏಕೆಂದರೆ ವ್ಯತ್ಯಾಸದಲ್ಲಿ ಹೆಚ್ಚು ಕಡಿಮೆ ಇರುತ್ತದೆ. ‘ಆಲ್ಮೋಸ್ಟ್’, ‘ಎಗ್ಸ್ಯಾಕ್ಟ್‌ಲಿ’ ಎಂಬವು ‘ಸೇಮ್’ ಜೊತೆ ಹೋಗುತ್ತವೆ, ಏಕೆಂದರೆ ಅದು ತಲುಪಬೇಕಾದ ಒಂದು ಬಿಂದು. ‘ಆಲ್ಮೋಸ್ಟ್ ಡಿಫರೆಂಟ್’ ಎಂದು ಯಾರೂ ಹೇಳುವುದಿಲ್ಲ. ‘ದ ವೆರಿ ಸೇಮ್’ ಎನ್ನುತ್ತಾರಲ್ಲ ಎಂದು ನೀವು ಕೇಳಬಹುದು. ಅಲ್ಲಿ ‘ವೆರಿ’ ಎಂದರೆ ಬಹಳ ಎಂದಲ್ಲ. ಸಾಕ್ಷಾತ್ ಅದೇ ಎಂದು ಒತ್ತಿ ಹೇಳುವುದು.

‘ಸೇಮ್’ ಪದದಲ್ಲಿ ಇಂಗ್ಲಿಷರೇ ಎಡವುವ ಒಂದು ಗುಂಡಿ ಇದೆ. ಆಕೆ ‘ಸೇಮ್’ ಪುಸ್ತಕ ತಂದಳು ಎಂದರೆ ನಿನ್ನೆ ಕೈಯಲ್ಲಿದ್ದ ಆ ಪ್ರತಿಯನ್ನೇ ತಂದಳೇ, ಅದೇ ಶೀರ್ಷಿಕೆಯ ಇನ್ನೊಂದು ಪ್ರತಿಯನ್ನು ತಂದಳೇ? ಇಂಗ್ಲಿಷಿನಲ್ಲಿ ಸಂದರ್ಭ ನೋಡಿಯೇ ಹೇಳಬೇಕು. ಕನ್ನಡದಲ್ಲಿ ಅದೇ ಪುಸ್ತಕ ಮತ್ತು ಅಂಥದೇ ಪುಸ್ತಕ ಎಂದು ಎರಡು ಮಾತುಗಳು ಸಿದ್ಧವಾಗಿವೆ. ಮೊದಲನೆಯದಕ್ಕೆ ವಿರುದ್ಧ ‘ಅನದರ್’, ಇನ್ನೊಂದು ಪ್ರತಿ. ಎರಡನೆಯದಕ್ಕೆ ವಿರುದ್ಧ ‘ಡಿಫರೆಂಟ್’, ಬೇರೆ ಥರದ್ದು. ವಾಕ್ಯ ಗೊಂದಲವಾದಾಗ ಮನಸ್ಸಿನಲ್ಲಿ ಒಮ್ಮೆ ಕನ್ನಡದಲ್ಲಿ ಹೇಳಿಕೊಂಡು ನೋಡಿ, ನಿಮಗೆ ಬೇಕಾದ ಅರ್ಥ ಯಾವುದೆಂದು ತಾನಾಗಿ ತಿಳಿಯುತ್ತದೆ.

ಇದರ ತಿರುಗುಮುರುಗೂ ಇದೆ, ಅಲ್ಲಿ ಕನ್ನಡವೇ ನಮ್ಮನ್ನು ಬೀಳಿಸುತ್ತದೆ. ಬೇರೆ ಎಂಬ ನಮ್ಮ ಒಂದೇ ಪದ ‘ಡಿಫರೆಂಟ್’, ‘ಅದರ್’, ‘ಸೆಪರೇಟ್’ ಮೂರರ ಕೆಲಸವನ್ನೂ ಮಾಡುತ್ತದೆ. ಅಣ್ಣ ತಮ್ಮ ಬೇರೆಯಾದರು ಎಂದರೆ ಅದು ‘ಸೆಪರೇಟ್’; ಅದಕ್ಕೆ ವಿರುದ್ಧ ‘ಜಾಯಿಂಟ್’ ಅಥವಾ ‘ಟುಗೆದರ್’, ‘ಸೇಮ್’ ಅಲ್ಲ. ಬೇರೆ ಬೇರೆ ಜನ ಹೇಳಿದರು ಎಂಬಲ್ಲಿ ‘ಡಿಫರೆಂಟ್’ ಎಂದರೆ ಹಲವು ಎಂದಷ್ಟೇ ಅರ್ಥ. ಅವಳ ರೀತಿಯೇ ಬೇರೆ ಎಂದಾಗ ‘ಡಿಫರೆಂಟ್’ ಎಂದರೆ ಎಲ್ಲರಂತಲ್ಲದವಳು. ಎದುರು ಪದ ‘ಆರ್ಡಿನರಿ’. ನಿಮ್ಮ ಎರಡು ಪುಸ್ತಕಗಳು ಎರಡು ಉತ್ತರ ಕೊಟ್ಟದ್ದು ಸುಳ್ಳು ಹೇಳಲು ಅಲ್ಲ. ಒಂದು ನೇರ ಜೋಡಿಯನ್ನು ಹಿಡಿಯಿತು, ಇನ್ನೊಂದು ಸುತ್ತಿನ ಪದವನ್ನು ಹಿಡಿಯಿತು. ಯಾವುದನ್ನು ಏಕೆ ಹಿಡಿಯಿತು ಎಂದು ಎರಡೂ ಹೇಳಲಿಲ್ಲ, ಅದು ಅವುಗಳ ದೋಷ.

ಎರಡೂ ಒಂದೇ ಎಂಬ ನಮ್ಮ ಮಾತನ್ನು ಪದಕ್ಕೆ ಪದ ಇಟ್ಟು ‘ಬೋತ್ ಆರ್ ಸೇಮ್’ ಎಂದು ಬರೆಯುವುದು ನಾನು ತಿದ್ದುವ ಬರಹಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಅದರಲ್ಲಿ ಎರಡು ತೊಂದರೆಗಳಿವೆ. ‘ಸೇಮ್’ ಪದದ ಮುಂದೆ ‘ದ’ ಬೇಕೇ ಬೇಕು. ಮತ್ತು ‘ಬೋತ್’ ಪದ ಎರಡನ್ನೂ ಬಿಡಿಬಿಡಿಯಾಗಿ ಹಿಡಿದು ಮಾತಾಡುತ್ತದೆ. ಒಂದೇ ಆಗಿರುವುದು ಇಬ್ಬರೂ ಕೂಡಿ ಆಗಬೇಕಾದ ವಿಷಯ. ‘ದೇ ಆರ್ ದ ಸೇಮ್’ ಎಂದರೆ ಸಾಕು. ‘ಡಿಫರೆಂಟ್’ ನಂತರ ‘ಫ್ರಮ್’ ಹಾಕಿದರೆ ಎಲ್ಲೆಡೆ ನಡೆಯುತ್ತದೆ. ‘ಟು’ ಬ್ರಿಟನ್ನಿನ ರೂಢಿ, ‘ದ್ಯಾನ್’ ಹೆಚ್ಚಾಗಿ ಅಮೆರಿಕದ್ದು. ಪರೀಕ್ಷೆಯಲ್ಲಿ ಅವೆರಡರ ತಂಟೆ ಬೇಡ. ‘ಸೇಮ್’ ನಂತರ ‘ಆ್ಯಸ್’, ‘ಸಿಮಿಲರ್’ ನಂತರ ‘ಟು’.

ಬೇರೆ ಎಂಬುದಕ್ಕೂ ವಿರುದ್ಧ ಎಂಬುದಕ್ಕೂ ಅಂತರವಿದೆ ಎಂದು ಪೀಟರ್ ಮಾರ್ಕ್ ರೋಜೆಟ್ ಎಂಬ ಇಂಗ್ಲಿಷ್ ವೈದ್ಯ ಬಹಳ ಹಿಂದೆಯೇ ಗುರುತಿಸಿದ್ದ. 1852ರಲ್ಲಿ ಹೊರಬಂದ ಅವನ ಪದಕೋಶದಲ್ಲಿ ಪದಗಳು ಅಕಾರಾದಿಯಾಗಿ ಇರಲಿಲ್ಲ. ಅರ್ಥದ ಗುಂಪುಗಳಾಗಿ, ಸಾಧ್ಯವಾದಲ್ಲೆಲ್ಲ ಎದುರುಬದುರು ಕಾಲಮ್ಮುಗಳಲ್ಲಿ ಇದ್ದವು. ತಾದಾತ್ಮ್ಯ, ವ್ಯತ್ಯಾಸ, ವೈರುಧ್ಯ ಮೂರಕ್ಕೂ ಅವನು ಬೇರೆ ಬೇರೆ ಶೀರ್ಷಿಕೆ ಕೊಟ್ಟ. ಮುನ್ನುಡಿಯಲ್ಲಿ, ಒಂದು ತುದಿಗೆ ತಾದಾತ್ಮ್ಯ, ಮತ್ತೊಂದು ತುದಿಗೆ ವೈರುಧ್ಯ, ನಡುವೆ ವ್ಯತ್ಯಾಸ ಎಂದು ಜೋಡಿಸಿ ತೋರಿಸಿದ. ಅಂದರೆ ಅವನ ಲೆಕ್ಕದಲ್ಲಿ ‘ಡಿಫರೆಂಟ್’ ತುದಿಯ ಪದವೇ ಅಲ್ಲ. ಪರೀಕ್ಷೆಯಲ್ಲಿ ಇದನ್ನು ಬರೆಯಲು ಹೋಗಬೇಡಿ, ಅಂಕ ಸಿಗುವುದಿಲ್ಲ. ನನಗೆ ಮಾತ್ರ ಅವನ ಮಾತೇ ಹೆಚ್ಚು ಸರಿ ಎನಿಸುತ್ತದೆ.

ವಿರೋಧದಲ್ಲೂ ಬಗೆಗಳಿವೆ. ‘ಡೆಡ್’ ಮತ್ತು ‘ಅಲೈವ್’ ನಡುವೆ ಜಾಗವಿಲ್ಲ, ಒಂದು ಅಲ್ಲವೆಂದರೆ ಇನ್ನೊಂದು. ‘ಹಾಟ್’ ಮತ್ತು ‘ಕೋಲ್ಡ್’ ನಡುವೆ ಬೇಕಾದಷ್ಟು ಜಾಗವಿದೆ. ‘ನಾಟ್ ಹಾಟ್’ ಎಂದ ಮಾತ್ರಕ್ಕೆ ‘ಕೋಲ್ಡ್’ ಆಗಲಿಲ್ಲ. ‘ಬೈ’ ಮತ್ತು ‘ಸೆಲ್’ ಎಂಬವು ಒಂದೇ ವ್ಯವಹಾರವನ್ನು ಎರಡು ಕಡೆಯಿಂದ ನೋಡಿದ್ದು. ಇದು ನಿಮಗೆ ಏಕೆ ಮುಖ್ಯವೆಂದರೆ, ಕಚೇರಿಯ ಬರಹದಲ್ಲಿ ಉಪಸರ್ಗದ ಪದಕ್ಕೂ ‘ನಾಟ್’ ಹಾಕಿದ ಪದಕ್ಕೂ ತೂಕ ಬೇರೆ. ಅವರು ‘ನಾಟ್ ಹ್ಯಾಪಿ’ ಎಂದರೆ ಸಮಾಧಾನವಿಲ್ಲ ಎಂದು, ‘ಅನ್‌ಹ್ಯಾಪಿ’ ಎಂದರೆ ದುಃಖದಲ್ಲಿದ್ದಾರೆ ಎಂದು.

ಇನ್ನು ‘ಸ್ಯಾಂಕ್ಷನ್’. ಇಂಥ ಪದಗಳಿಗೆ ‘ಕಾಂಟ್ರೋನಿಮ್’ ಎಂದು ಹೆಸರು, ತನಗೆ ತಾನೇ ವಿರುದ್ಧವಾದ ಪದ. ಇವು ಹುಟ್ಟುವುದು ಎರಡು ಮೂರು ದಾರಿಗಳಲ್ಲಿ. ಒಂದೇ ಬೀಜದಿಂದ ಎರಡು ಕೊಂಬೆ ಒಡೆಯುವುದು ಒಂದು ದಾರಿ. ‘ಸ್ಯಾಂಕ್ಷನ್’ ಮೂಲದಲ್ಲಿ ಶಾಸನ, ಕಟ್ಟಳೆ. ಕಟ್ಟಳೆ ಕೆಲವನ್ನು ಮಾಡಲು ಬಿಡುತ್ತದೆ, ಮೀರಿದವರನ್ನು ದಂಡಿಸುತ್ತದೆ. ಅನುಮತಿ ಒಂದು ಕೊಂಬೆ, ದಂಡನೆ ಇನ್ನೊಂದು. ವಾಕ್ಯದಲ್ಲಿ ಗುರುತು ಹಿಡಿಯುವುದು ಕಷ್ಟವಲ್ಲ: ದೇಶಗಳ ನಡುವಿನ ಸುದ್ದಿಯಲ್ಲಿ ಬಹುವಚನದಲ್ಲಿ ‘ಸ್ಯಾಂಕ್ಷನ್ಸ್’ ಎಂದು ಬಂದು ಪಕ್ಕದಲ್ಲಿ ‘ಆನ್’ ಅಥವಾ ‘ಅಗೇನ್ಸ್ಟ್’ ಇದ್ದರೆ ನಿರ್ಬಂಧ; ಸಾಲ, ರಜೆ, ಹುದ್ದೆಗಳ ಜೊತೆ ಬಂದರೆ ಮಂಜೂರಾತಿ. ‘ಓವರ್‌ಸೈಟ್’ ಕೂಡ ಇದೇ ಬಗೆ. ‘ಆ್ಯನ್ ಓವರ್‌ಸೈಟ್’ ಎಂದು ಎಣಿಸಿ ಹೇಳಿದರೆ ಕಣ್ತಪ್ಪು, ಎಣಿಸದೆ ಹೇಳಿದರೆ ಬಹುಪಾಲು ಮೇಲ್ವಿಚಾರಣೆ.

ಎರಡು ಬೇರೆ ಪದಗಳು ಸವೆದು ಸವೆದು ಒಂದೇ ರೂಪಕ್ಕೆ ಬಂದುಬಿಡುವುದು ಇನ್ನೊಂದು ದಾರಿ. ಸೀಳು ಮತ್ತು ಅಂಟಿಕೊಳ್ಳು ಎಂಬ ಎರಡೂ ಅರ್ಥಗಳಿರುವ ‘ಕ್ಲೀವ್’ ಹಳೆಯ ಇಂಗ್ಲಿಷಿನಲ್ಲಿ ಎರಡು ಪ್ರತ್ಯೇಕ ಕ್ರಿಯಾಪದಗಳಾಗಿತ್ತು. ‘ಲೆಟ್’ ಎಂದರೆ ಬಿಡು. ಆದರೆ ಪಾಸ್‌ಪೋರ್ಟಿನಲ್ಲಿ ಕಾಣುವ ‘ವಿದೌಟ್ ಲೆಟ್ ಆರ್ ಹಿಂಡ್ರನ್ಸ್’ ಎಂಬ ಮಾತಿನಲ್ಲಿ ಅದು ಅಡ್ಡಿ ಎಂಬ ಅರ್ಥದ ಬೇರೆಯೇ ಪದ. ಕೆಲವೊಮ್ಮೆ ದೇಶ ಬದಲಾದಾಗ ಅರ್ಥ ತಿರುಗುತ್ತದೆ. ಸಭೆಯಲ್ಲಿ ವಿಷಯವೊಂದನ್ನು ‘ಟೇಬಲ್’ ಮಾಡುವುದು ಎಂದರೆ ಬ್ರಿಟನ್ನಿನಲ್ಲಿ ಚರ್ಚೆಗೆ ಎತ್ತಿಕೊಳ್ಳುವುದು, ಅಮೆರಿಕದಲ್ಲಿ ಪಕ್ಕಕ್ಕಿಡುವುದು. ಎರಡನೇ ಮಹಾಯುದ್ಧದ ಕಾಲದ ಜಂಟಿ ಸಭೆಯೊಂದರಲ್ಲಿ ಈ ಒಂದು ಪದದಿಂದಾಗಿ ಎರಡೂ ಕಡೆಯವರು ಬಹಳ ಹೊತ್ತು ವಾದ ಮಾಡಿದರೆಂದು ಚರ್ಚಿಲ್ ಬರೆದಿದ್ದಾರೆ. ಇಬ್ಬರಿಗೂ ಬೇಕಾಗಿದ್ದದ್ದು ಒಂದೇ ಆಗಿತ್ತು.

ಈಗ ಪಟ್ಟಿಯ ವಿಷಯ. ಐನೂರು ಜೋಡಿ ಬಾಯಿಪಾಠ ಮಾಡಬೇಡಿ ಎಂದು ನಾನು ಹೇಳುವುದಿಲ್ಲ. ಪರೀಕ್ಷೆ ಹತ್ತಿರವಿದ್ದರೆ ಅದು ಅಂಕ ತರುತ್ತದೆ, ತರದೆ ಇರುವುದಿಲ್ಲ. ಅದರ ಅಪಾಯ ನಿಮಗೆ ಟಿಪ್ಪಣಿಯಲ್ಲಿ ತಗುಲಿದ್ದೇ: ಪಟ್ಟಿಯಲ್ಲಿ ಪದ ಒಂಟಿಯಾಗಿರುತ್ತದೆ, ವಾಕ್ಯದಲ್ಲಿ ಅದಕ್ಕೆ ಸಂಸಾರವಿರುತ್ತದೆ. ಜೊತೆಗೆ ಕಳಪೆ ಪಟ್ಟಿಗಳಲ್ಲಿ ತಪ್ಪು ಜೋಡಿಗಳೂ ನುಸುಳಿರುತ್ತವೆ. ‘ಡಿಸ್‌ಇಂಟರೆಸ್ಟೆಡ್’ ಎಂದರೆ ಆಸಕ್ತಿಯಿಲ್ಲದವನು ಎಂದು ಕೊಟ್ಟಿದ್ದರೆ ಪಟ್ಟಿಯನ್ನು ಅನುಮಾನದಿಂದಲೇ ನೋಡಿ. ಮಾತಿನಲ್ಲಿ ಹಾಗೆ ಬಳಸುವವರಿದ್ದಾರೆ ನಿಜ, ಆದರೆ ಪರೀಕ್ಷೆ ಕೇಳುವ ಅರ್ಥ ಸ್ವಾರ್ಥವಿಲ್ಲದವನು, ತಟಸ್ಥ ಎಂದು.

ಪಟ್ಟಿಯನ್ನೇ ಇಟ್ಟುಕೊಂಡು ಪ್ರತಿ ಪದದ ಪಕ್ಕದಲ್ಲಿ ಒಂದು ನಾಮಪದ ಬರೆದುಕೊಳ್ಳುವುದು ಇನ್ನೊಂದು ದಾರಿ. ‘ಹಾರ್ಡ್’ ಎಂದು ಬಿಡದೆ ‘ಹಾರ್ಡ್’ ಪ್ರಶ್ನೆ, ‘ಹಾರ್ಡ್’ ಕಲ್ಲು ಎಂದು ಎರಡು ಸಾಲು ಮಾಡಿ. ಕೆಲಸ ನಿಧಾನವಾಗುತ್ತದೆ, ಐನೂರರಲ್ಲಿ ಇನ್ನೂರು ಮುಗಿದರೆ ಹೆಚ್ಚು. ಆದರೆ ಆ ಇನ್ನೂರು ಕೈಬಿಡುವುದಿಲ್ಲ, ಕಚೇರಿಯ ಪತ್ರಕ್ಕೂ ಬರುತ್ತವೆ. ನನ್ನ ಸಲಹೆ ಇದಕ್ಕೇ. ಉಪಸರ್ಗದ ಪದಗಳನ್ನು ಮಾತ್ರ ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ, ಗುಣವಾಚಕ ಮತ್ತು ನಾಮಪದ ಅಕ್ಕಪಕ್ಕ ಇರಲಿ.

ಕಚೇರಿಯ ಬರವಣಿಗೆಯಲ್ಲಿ ಅನುಮಾನ ಬಂದಾಗ ವಿರುದ್ಧ ಪದವನ್ನು ಹುಡುಕುವ ಗೋಜಿಗೇ ಹೋಗಬೇಡಿ. ವ್ಯತ್ಯಾಸವಿಲ್ಲ ಎನ್ನಲು ‘ದೇರ್ ಈಸ್ ನೋ ಡಿಫರೆನ್ಸ್’ ಎಂದು ನೇರವಾಗಿ ಬರೆದರೆ ಯಾರ ಮುಖವೂ ಗಂಟಿಕ್ಕುವುದಿಲ್ಲ. ವಾಕ್ಯ ಸ್ವಲ್ಪ ಉದ್ದವಾದೀತು, ಆಗಲಿ. ಇದಕ್ಕೂ ಒಂದು ಮಿತಿ ಇದೆ: ನಿರಾಕರಣೆ ಎರಡು ಬಾರಿ ಬಂದರೆ, ಅಂದರೆ ‘ನಾಟ್’ ಜೊತೆ ‘ಅನ್-’ ಸೇರಿದರೆ, ಓದುವವರು ಒಂದು ಕ್ಷಣ ನಿಂತು ಲೆಕ್ಕ ಹಾಕಬೇಕಾಗುತ್ತದೆ. ಆದೇಶ, ಎಚ್ಚರಿಕೆ, ಷರತ್ತುಗಳಲ್ಲಿ ಅದು ಬೇಡ.

ಪರೀಕ್ಷೆಯ ಕೋಣೆಯಲ್ಲಿ ಮೊದಲು ಪದದ ಜಾತಿ ನೋಡಿ. ಕೇಳಿದ್ದು ಗುಣವಾಚಕವಾದರೆ ಆಯ್ಕೆಗಳಲ್ಲಿರುವ ನಾಮಪದ, ಕ್ರಿಯಾಪದಗಳನ್ನು ಹೊಡೆದುಹಾಕಿ. ಎಷ್ಟೋ ಸಲ ಎರಡು ಆಯ್ಕೆಗಳು ಅಲ್ಲಿಗೇ ಬಿದ್ದುಹೋಗುತ್ತವೆ. ಆಮೇಲೆ ತೀವ್ರತೆ ಹೊಂದಿಸಿ. ‘ಬಾಯ್ಲಿಂಗ್’ ಕೇಳಿದರೆ ‘ಫ್ರೀಜಿಂಗ್’, ‘ವಾರ್ಮ್’ ಕೇಳಿದರೆ ‘ಕೂಲ್’. ‘ಡಿಫರೆಂಟ್’ ಕೇಳಿ ‘ಸೇಮ್’, ‘ಸಿಮಿಲರ್’ ಎರಡನ್ನೂ ಕೊಟ್ಟಿದ್ದರೆ ‘ಸೇಮ್’ ಗುರುತಿಸಿ. ‘ಸೇಮ್’ ಇಲ್ಲದೆ ‘ಐಡೆಂಟಿಕಲ್’, ‘ಸಿಮಿಲರ್’ ಎರಡೇ ಇದ್ದರೆ ‘ಐಡೆಂಟಿಕಲ್’ ಕಡೆ ಹೋಗಿ, ಏಕೆಂದರೆ ‘ಸಿಮಿಲರ್’ ನಡುವೆ ನಿಂತ ಪದ. ‘ಸಿಮಿಲರ್’ ಒಂದೇ ಸಮೀಪದ್ದಾಗಿದ್ದರೆ ಅದೇ ಉತ್ತರ, ತಕರಾರು ಬೇಡ. ‘ಇಂಡಿಫರೆಂಟ್’ ಕೂಡ ಆಯ್ಕೆಗಳಲ್ಲಿ ಇರಬಹುದು, ಬಲೆ ಬೀಸಲೆಂದೇ. ‘ಇಂಡಿಫರೆಂಟ್’ ಪದವನ್ನೇ ಕೇಳಿ ವಿರುದ್ಧ ಪದ ಬರೆಯಿರಿ ಎಂದರೆ ‘ಕನ್ಸರ್ನ್ಡ್’, ‘ಇಂಟರೆಸ್ಟೆಡ್’, ‘ಕೀನ್’ ಇಂಥವನ್ನು ಹುಡುಕಿ. ಪ್ರಶ್ನೆಯಲ್ಲಿ ವಾಕ್ಯ ಕೊಟ್ಟು ಅದರಲ್ಲಿ ನ್ಯಾಯಾಧೀಶರ ಮಾತಿದ್ದರೆ ‘ಬಯಸ್ಡ್’ ಇದೆಯೇ ಎಂದು ಒಮ್ಮೆ ಕಣ್ಣಾಡಿಸಿ.